ಕೂಲಿಯ ಕೂಗು ಕೇಳಿಸುತ್ತಿದೆಯೇ?

ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಬರುವ ಕುಟುಂಬವಾಗಲಿ, ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಗೆ ಹೊರಡುವ ಕುಟುಂಬವಾಗಲಿ, ಮಕ್ಕಳ ಮೈಮೇಲೆ ಹೊಸ ಅಂಗಿ ಇರಲೆಂದು ಬಯಸುತ್ತದೆ. ಅಂಗಡಿಯಲ್ಲಿ ನಾವು ಬಣ್ಣ ನೋಡುತ್ತೇವೆ, ಬೆಲೆಗಾಗಿ ಚೌಕಾಸಿ ಮಾಡುತ್ತೇವೆ. ಅದನ್ನು ಹೊಲಿದವಳ ಮಕ್ಕಳಿಗೆ ಹಬ್ಬದಂದು ಹೊಸ ಅಂಗಿ ಸಿಕ್ಕಿತೇ ಎಂದು ಮಾತ್ರ ಕೇಳುವುದಿಲ್ಲ.

ಸಿದ್ಧ ಉಡುಪು ಹೊಲಿಯುವವರನ್ನು ಕಾಣಬೇಕಾದರೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಿಗೆ ಹೋಗಬೇಕು. ಅಲ್ಲಿ ದುಡಿಯುವ ಲಕ್ಷಾಂತರ ಮಂದಿಯಲ್ಲಿ ಹೆಚ್ಚಿನವರು ಹಳ್ಳಿ ಬಿಟ್ಟು ಬಂದ ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು. ತಪ್ಪಿದರೆ ಸೂಪರ್‌ವೈಸರನ ಬೈಗುಳ. ಸಂಜೆ ಮರಳುವುದು ಒಂದೇ ಕೋಣೆಯ ಬಾಡಿಗೆ ಮನೆಗೆ, ಹಲವು ಸಂಸಾರಗಳಿಗೆ ಒಂದೇ ಶೌಚಾಲಯವಿರುವ ವಠಾರಕ್ಕೆ.

"ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಕೊಡುತ್ತೇವಲ್ಲ" ಎಂಬುದು ಮಾಲೀಕರ ಸಮರ್ಥನೆ. ಅದಾದರೂ ಸರಿಯಾಗಿ ಸಂದಿದೆಯೇ? 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರವೇ ಮುಂದೂಡಿತು. ಉಚ್ಚ ನ್ಯಾಯಾಲಯವು ಬಾಕಿಸಹಿತ ಕೊಡಿರೆಂದ ಮೇಲೂ ಅನೇಕರ ಕೈಗೆ ಆ ಹಣ ಬಂದದ್ದು 2022ರಲ್ಲಿ.

ಕನಿಷ್ಠ ವೇತನವೆಂದರೆ ಬರಿಯ ಹೊಟ್ಟೆಪಾಡಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಆಹಾರ, ಬಾಡಿಗೆಗಳ ಜೊತೆಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆಯನ್ನೂ ಲೆಕ್ಕ ಹಿಡಿಯಿತು. ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮುಪ್ಪು, ಮದುವೆಗಳಿಗೆಂದು ಶೇಕಡಾ 25 ಭಾಗ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸೇರಿಸಿತು. ಹಾಗಾದರೆ ಹಬ್ಬದ ಹೊಸ ಅಂಗಿ ಆ ತಾಯಿಗೆ ಯಾರೋ ನೀಡುವ ದಾನವಲ್ಲ. ಅದು ಅವಳ ಹಕ್ಕು.

"ಒಪ್ಪಿಯೇ ಕೆಲಸಕ್ಕೆ ಸೇರಿದ್ದಾರೆ" ಎನ್ನುವವರೂ ನಮ್ಮಲ್ಲಿದ್ದಾರೆ. ಇದಕ್ಕೆ ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲೇ ಉತ್ತರವಿತ್ತಿದ್ದಾರೆ. ಕಾರ್ಮಿಕನ ಜೀವನ ನಿರ್ವಹಣೆಗೆ ಸಾಲದ ಕೂಲಿಯನ್ನು ಅವನು ಅನಿವಾರ್ಯದಿಂದ ಒಪ್ಪಿಕೊಂಡರೆ ಅದು ಒಪ್ಪಂದವಲ್ಲ, ಬಲಾತ್ಕಾರ ಎಂಬುದು 'ರೇರುಂ ನೊವಾರುಂ' ವಿಶ್ವಪತ್ರದ ಬೋಧನೆ. ಢಾಕಾ ಸಮೀಪದ ರಾಣಾ ಪ್ಲಾಜಾ 2013ರಲ್ಲಿ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತಾಗ, ಅವರ ಅಲ್ಪ ವೇತನವನ್ನು ಜಗದ್ಗುರು ಫ್ರಾನ್ಸಿಸ್ ಗುಲಾಮಗಿರಿಯೆಂದೇ ಕರೆದರು.

ಈ ಹೆಣ್ಣುಮಕ್ಕಳು ಸುಮ್ಮನೆ ಕುಳಿತವರಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬಿಗಿಯಾದಾಗ ಬೀದಿಗಿಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಆದರೆ ಅವರ ಪರವಾಗಿ ನಮ್ಮ ಧರ್ಮಕೇಂದ್ರಗಳಿಂದ ಎಷ್ಟು ದನಿಗಳು ಕೇಳಿಬಂದವು?

ಮೇ 1 ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಅಂದು ಪೂಜೆಯ ಬಳಿಕ ಒಂದು ಗಂಟೆ ಕುಳಿತು, ದುಡಿಯಲು ಊರು ಬಿಡುವ ಮಕ್ಕಳಿಗೆ ವೇತನ ಚೀಟಿ, ಭವಿಷ್ಯನಿಧಿ, ಇಎಸ್‌ಐಗಳ ತಿಳಿವಳಿಕೆ ನೀಡೋಣ. ನಮ್ಮ ಮನೆ-ಹೊಲಗಳಲ್ಲಿ ದುಡಿಯುವವರ ಕೂಲಿಯನ್ನೂ ಅಂದೇ ಲೆಕ್ಕ ಹಾಕೋಣ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿದೆಯೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. ಅದು ನಮ್ಮ ಕಿವಿಗೂ ಮುಟ್ಟಲಿ.