‘ಟಿಂಗ್’ ಅಂದ್ರೆ ಚಾಕು ಬಿರುಕು ಬಿಟ್ಟಂತೆ

ಕೆಜಿಎಫ್‌ನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ಓದುಗರೊಬ್ಬರು ಮೂರು ಭಾನುವಾರ ಕೂತು ಅಮ್ಮನಿಗೆ ಅಂತ ಒಂದು ಅಡುಗೆಮನೆ ಚಾಕು ಮಾಡಿದ್ದಾರೆ. ಬಂಗಾರಪೇಟೆಯ ಗುಜರಿಯಲ್ಲಿ ಸಿಕ್ಕ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ. ಕೆಂಪಗೆ ಕಾಯಿಸಿ ಬಕೆಟ್ ನೀರಿಗೆ ಅದ್ದಿದ್ದೇ ತಡ, ‘ಟಿಂಗ್’. ಹರಿತದ ಅಂಚಿನಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು. ‘ಇನ್ನೂ ಜಾಸ್ತಿ ಕಾಯಿಸಬೇಕಿತ್ತಾ?’ ಅನ್ನೋದು ಅವರ ಪ್ರಶ್ನೆ.

ಇಲ್ಲ. ತಪ್ಪಿದ್ದು ತಣಿಸಿದ ರೀತಿ.

ಕಾದ ಉಕ್ಕು ತಣಿದರೆ ಕುಗ್ಗುತ್ತೆ, ಅದು ಗೊತ್ತಿರೋದೇ. ಆದರೆ ಗಕ್ಕನೆ ತಣಿದು ಗಡಸಾಗುವ ಹೊತ್ತಿಗೆ ಅದು ಮತ್ತೆ ಒಂಚೂರು ಹಿಗ್ಗುತ್ತೆ. ತೆಳು ಅಂಚು ಮೊದಲು ಗಡಸಾಗಿ ಕೂತಿರುತ್ತೆ, ದಪ್ಪ ಬೆನ್ನು ಆಮೇಲೆ ಹಿಗ್ಗೋಕೆ ಶುರು ಮಾಡುತ್ತೆ. ಗಾಜಿನಂತಾದ ಅಂಚು ಆ ಎಳೆತ ತಡೆಯಲ್ಲ. ಕೆಜಿಎಫ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಒತ್ತಡ ತುಂಬಿಕೊಂಡ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. 2001ರಲ್ಲಿ ಗಣಿ ಮುಚ್ಚುವ ತನಕ ಆ ‘ರಾಕ್‌ಬರ್ಸ್ಟ್’ ಭಯ ಮನೆಮನೆಯದು. ಚಾಕುವಿನ ಒಳಗೂ ಅಂಥದ್ದೇ ಒತ್ತಡ, ಅಳತೆ ಚಿಕ್ಕದು ಅಷ್ಟೇ.

ಲಾರಿ ಸ್ಪ್ರಿಂಗಿನ ಉಕ್ಕಿಗೆ ನೀರು ತೀರಾ ಒರಟು. ಎಣ್ಣೆ ಬೇಕು, ಅದೂ 50-60 ಡಿಗ್ರಿಗೆ ಬೆಚ್ಚಗೆ ಮಾಡಿದ್ದು. ಬೆಚ್ಚಗಿನ ಎಣ್ಣೆ ತೆಳುವಾಗಿ ಎಲ್ಲಾ ಕಡೆ ಒಂದೇ ಸಮ ಹರಡುತ್ತೆ. ಅಡುಗೆ ಎಣ್ಣೆಯೇ ಸಾಕು, ಹಳೇ ಇಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಬೆಂಕಿ ಹೊತ್ತಿಕೊಳ್ಳಬಹುದು, ಹಾಗಾಗಿ ಮನೆಯಾಚೆ, ಕಬ್ಬಿಣದ ಡಬ್ಬಿ, ಪಕ್ಕದಲ್ಲೇ ಮುಚ್ಚಳ. ಉರಿಯುವ ಎಣ್ಣೆಗೆ ನೀರು ಮಾತ್ರ ಹಾಕಲೇಬೇಡಿ.

‘ನಮ್ಮೂರ ಕಮ್ಮಾರರು ನೀರಿಗೇ ಅದ್ದುತ್ತಾರಲ್ಲ?’ ಅಂತೀರಾ? ಸರಿಯಾಗಿ ನೋಡಿ. ಎಷ್ಟೋ ಜನ ಅಂಚನ್ನಷ್ಟೇ ಅದ್ದಿ ತೆಗೀತಾರೆ. ಬೆನ್ನಲ್ಲಿ ಉಳಿದ ಕಾವು ಮೆಲ್ಲಗೆ ಕೆಳಗಿಳಿದು ಅಂಚಿಗೆ ಒಣಹುಲ್ಲಿನ ಬಣ್ಣ ಬಂದಾಗ ಮತ್ತೆ ತಣಿಸ್ತಾರೆ. ಗಡಸು, ಹದ ಎರಡೂ ಒಂದೇ ಕಾವಿನಲ್ಲಿ. ಆ ಕಣ್ಣು ಕುಲುಮೆ ಮುಂದೆ ವರ್ಷಗಟ್ಟಲೆ ಕೂತು ಬಂದದ್ದು. ವೀಡಿಯೊ ನೋಡಿ ಬರೋದಲ್ಲ ಬಿಡಿ.

ಅದ್ದುವ ಮೊದಲೂ ಕೆಲಸ ಇದೆ. ನನ್ನ ಪ್ರಕಾರ ಅರ್ಧಕ್ಕರ್ಧ ಬಿರುಕು ಇಲ್ಲೇ ಹುಟ್ಟೋದು. ಅಂಚನ್ನ ಮೊದಲೇ ತೆಳ್ಳಗೆ ಉಜ್ಜಬೇಡಿ, ಒಂದು ರೂಪಾಯಿ ನಾಣ್ಯದಷ್ಟಾದರೂ ದಪ್ಪ ಉಳೀಲಿ. ಗ್ರೈಂಡರಿನ ಅಡ್ಡಗೀರುಗಳನ್ನ ಎಮರಿ ಕಾಗದದಿಂದ ಉದ್ದುದ್ದಕ್ಕೆ ತೀಡಿ ತೆಗೀರಿ, ಬಿರುಕು ಹೊರಡೋದು ಆ ಗೀರುಗಳಿಂದಲೇ. ಹಿಡಿಕೆ ಸೇರುವ ಮೂಲೆ ಚೂಪಾಗಿದ್ದರೆ ಅರದಿಂದ ಗುಂಡಗೆ ಮಾಡಿ. ಬಡಿದು ಆಕಾರ ಕೊಟ್ಟಿದ್ದರೆ ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರೋಕೆ ಬಿಡಿ. ಸುತ್ತಿಗೆ ಏಟಿನ ಒಳ ಒತ್ತಡ ಅಲ್ಲಿ ಇಳಿಯುತ್ತೆ.

ಕಾವು ಎಷ್ಟು? ಸುಮಾರು 770 ಡಿಗ್ರಿಯಲ್ಲಿ ಉಕ್ಕು ಆಯಸ್ಕಾಂತಕ್ಕೆ ಅಂಟೋದು ನಿಲ್ಲುತ್ತೆ. ಅದಕ್ಕಿಂತ ಸ್ವಲ್ಪ ಮೇಲೆ, ಅಂಚಿಂದ ಬೆನ್ನಿನ ತನಕ ಒಂದೇ ಬಣ್ಣ ಬಂದರೆ ಸಾಕು. ಹಳದಿಗೆ ತಿರುಗುವಷ್ಟು ಕಾಯಿಸಿದರೆ ಒಳಗಿನ ಹರಳು ದಪ್ಪವಾಗಿ ಚಾಕು ಬಿಸ್ಕೆಟ್ ಥರ ಮುರಿಯುತ್ತೆ. ಎಣ್ಣೆಯೊಳಗೆ ನೇರ ಇಳಿಸಿ, ಮೇಲೆ ಕೆಳಗೆ ಆಡಿಸಿ. ಪಕ್ಕಕ್ಕೆ ಕಲಕಿದರೆ ಒಂದು ಮೈ ಬೇಗ ತಣಿದು ಚಾಕು ಸೊಟ್ಟಗಾಗುತ್ತೆ.

ಆಚೆ ತೆಗೆದ ಮೇಲೆ ‘ನಾಳೆ ನೋಡೋಣ’ ಅನ್ನಬೇಡಿ. ರಾತ್ರಿ ಮೇಜಿನ ಮೇಲೆ ಸುಮ್ಮನೆ ಬಿದ್ದಲ್ಲೇ ಬಿರುಕು ಬಿಟ್ಟ ಚಾಕುಗಳುಂಟು. ಕೈಗೆ ಮುಟ್ಟುವಷ್ಟು ಆರಿದ ತಕ್ಷಣ ಎಣ್ಣೆ ತೊಳೆದು, 200 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ. ಆರಿದ ಮೇಲೆ ಇನ್ನೊಮ್ಮೆ ಎರಡು ಗಂಟೆ.

ಇನ್ನೊಂದು ಮಾತು ಗುಜರಿ ಪಟ್ಟಿ ಬಗ್ಗೆ. ವರ್ಷಾನುಗಟ್ಟಲೆ ಲೋಡು ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೊದಲೇ ಇರಬಹುದು. ತುಕ್ಕು ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತೀಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತೆ. ಮಾಡಿ ಮುಗಿಸಿದ ಚಾಕುವಿಗೂ ಇದೇ ಪರೀಕ್ಷೆ. ಗೆರೆ ಕಂಡರೆ ವೆಲ್ಡಿಂಗ್, ತೇಪೆ ಅಂತೆಲ್ಲ ಹೋಗಬೇಡಿ. ಅಮ್ಮ ತೆಂಗಿನಕಾಯಿ ಚೂರು ಮಾಡುವಾಗ ಆ ತುಂಡು ಎತ್ತ ಹಾರುತ್ತೋ. ಅದನ್ನ ಗುಜರಿಗೇ ವಾಪಸ್ ಕೊಟ್ಟು ಇನ್ನೊಂದು ಪಟ್ಟಿ ತನ್ನಿ.