ಬೇಲಿ ಕೀಳುವ ಮುನ್ನ



ಮ್ಯಾನೇಜ್‌ಮೆಂಟ್ ಓದುವ ನಿಮಗೆ 'ಮೆಂಟಲ್ ಮಾಡೆಲ್' ಎಂಬ ಮಾತು ಹೊಸದಲ್ಲ. ಯೋಚನೆಗೆ ಒಂದು ಅಚ್ಚು, ಅಷ್ಟೆ. ಅಂಥದೊಂದನ್ನು ಇಂಗ್ಲಿಷ್ ಲೇಖಕ ಜಿ. ಕೆ. ಚೆಸ್ಟರ್‌ಟನ್ 1929ರ 'ದಿ ಥಿಂಗ್' ಪುಸ್ತಕದಲ್ಲಿ ಕೊಟ್ಟಿದ್ದಾನೆ. ರಸ್ತೆಗೆ ಅಡ್ಡಲಾಗಿ ಬೇಲಿಯೊಂದಿದೆ. ಅದರ ಉಪಯೋಗ ಕಾಣಿಸದವನು ಅದನ್ನು ಕೀಳಬಾರದು. ಏಕೆ ಹಾಕಿದ್ದರೆಂದು ತಿಳಿದುಕೊಂಡ ಮೇಲೆ ಬೇಕಾದರೆ ಕೀಳಲಿ ಎಂಬುದು ಅವನ ವಾದ.

ತಿಳಿಯದೆ ಕಿತ್ತರೆ ಏನಾಗುತ್ತದೆ? 1958ರಲ್ಲಿ ಚೀನಾ ಸರ್ಕಾರ ಗುಬ್ಬಚ್ಚಿಗಳು ಕಾಳು ತಿನ್ನುತ್ತವೆಂದು ಅವನ್ನು ಕೊಲ್ಲಿಸಿತು. ಅವು ಹುಳುಗಳನ್ನೂ ತಿನ್ನುತ್ತಿದ್ದವು! ಬೆಳೆಗೆ ಕೀಟಗಳ ಕಾಟ ಹೆಚ್ಚಿತು. 1960ರಲ್ಲಿ ಕೊಲ್ಲಬೇಕಾದವುಗಳ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು.

ಹಾಗೆಂದು ಎಲ್ಲ ಬೇಲಿಯೂ ಇರಲೇಬೇಕೆಂದಲ್ಲ. ಹಿಂದೆ ರೇಷನ್ ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲು ಆರಿಸದೆ ಒಲೆಗೆ ಇಡುವಂತಿರಲಿಲ್ಲ. ಈಗ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲು ಸಿಗುವುದೇ ಅಪರೂಪ. ನಮ್ಮ ಮನೆಯ ಮೊರ ಅಟ್ಟ ಸೇರಿದೆ. ಕಾರಣ ಹೋಯಿತು, ಪದ್ಧತಿಯೂ ಹೋಯಿತು.

ಇನ್ನು ನಮ್ಮ ಸಂಘದ ಮಾತು. ವಂತಿಗೆಯನ್ನು ಫೋನಿನಲ್ಲೇ ಕಟ್ಟಬಹುದಾದಾಗ ಹಿರಿಯರು ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತುವುದೇಕೆಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ಆ ಸುತ್ತಾಟ ಬರೀ ಹಣಕ್ಕಲ್ಲ. ಯಾರ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಮಕ್ಕಳು ಅಮೆರಿಕಕ್ಕೆ ಹೋದ ಮೇಲೆ ಯಾರು ಒಂಟಿಯಾಗಿದ್ದಾರೆ, ಕನ್ನಡ ತರಗತಿಗೆ ಸೇರಿಸುವ ವಯಸ್ಸಿನ ಮಗು ಎಲ್ಲಿದೆ ಎಂಬುದೆಲ್ಲ ಬಾಗಿಲು ತಟ್ಟಿದಾಗಲೇ ತಿಳಿಯುವುದು. "ಕಾಫಿ ಕುಡಿದೇ ಹೋಗಬೇಕು" ಎಂದು ಕನ್ನಡದಲ್ಲಿ ಒತ್ತಾಯಿಸುವ ಅವಕಾಶ ಕೆಲವರಿಗೆ ವರ್ಷದಲ್ಲಿ ಅದೊಂದೇ. ಫೋನಿನಲ್ಲಿ ವಂತಿಗೆ ಬಂದೀತು, ಈ ಸುದ್ದಿ ಬರುವುದಿಲ್ಲ.

ಆದ್ದರಿಂದ ಹಣ ಫೋನಿನಲ್ಲೇ ಬರಲಿ, ಭೇಟಿ ಮಾತ್ರ ನಿಲ್ಲದಿರಲಿ. ಎಪ್ಪತ್ತು ದಾಟಿದವರ ಮೊಣಕಾಲಿಗೆ ಮೂರು ಮಹಡಿ ಹತ್ತುವುದು ಕಷ್ಟ. ನೀವು ತಲಾ ಹತ್ತು ಮನೆ ಹಂಚಿಕೊಳ್ಳಬಾರದೇಕೆ?

ಆಫೀಸಿನಲ್ಲೂ ಅರ್ಥವಿಲ್ಲದಂತೆ ಕಾಣುವ ರಿಜಿಸ್ಟರೋ ಸಹಿಯೋ ಎದುರಾದರೆ, "ಇದು ಯಾವಾಗ ಶುರುವಾಯಿತು? ಆಗ ಏನಾಗಿತ್ತು?" ಎಂದು ಅಲ್ಲಿನ ಹಳಬರನ್ನು ಕೇಳಿ ನೋಡಿ. ಹಾಗೆ ಕೇಳಿದವರಿಗೆ ಸರಿಯಾಗಿ ಉತ್ತರ ಹೇಳುವ ಹೊಣೆ ನಮ್ಮಂಥ ಹಿರಿಯರದು. "ಮೊದಲಿನಿಂದಲೂ ಹೀಗೇ ನಡೆದುಬಂದಿದೆ" ಎನ್ನುವುದು ಉತ್ತರವಲ್ಲ.