ಮೊದಲ ಪುಟದಲ್ಲೇ ಕವಿಯ ಹೆಸರು: ಆಕ್ಷೇಪಗಳಿಗೆ ಉತ್ತರ

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಡ್ಯೂಟಿ ಮುಗಿಸಿ ಬಂದು ಹಾಡು ಕಟ್ಟುವ ನಮ್ಮ ಹುಡುಗರ ಬ್ಯಾಂಡಿಗೆ ನಾನು ಮಾಡಿಕೊಟ್ಟ ವೆಬ್‌ಸೈಟ್ ವಿನ್ಯಾಸ ಹಲವರಿಗೆ ಹಿಡಿಸಿಲ್ಲ. ಹುಡುಗರು ಹಾಡುವುದು ಭಾವಗೀತೆ, ತತ್ವಪದ. ನುಡಿಸುವುದು ಗಿಟಾರ್, ಡ್ರಮ್ಸ್, ತಮಟೆ. ಹಾಗಾಗಿ ಜನಪದ ರಾಕ್‌ನ ರೂಢಿಯನ್ನೂ ಸುಗಮ ಸಂಗೀತದ ರೂಢಿಯನ್ನೂ ಬೇಕೆಂದೇ ಪಾಲಿಸಿದ್ದೇನೆ. ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

ರೂಢಿ ಪಾಲಿಸಿದರೆ ಸ್ವಂತಿಕೆ ಹೋಗುತ್ತದೆ ಎಂಬುದು ಮೊದಲ ಮಾತು. ಹೀಗೆಂದವರಲ್ಲಿ ಹೆಚ್ಚಿನವರು ಕರಾವಳಿಯವರು, ಆದ್ದರಿಂದ ಯಕ್ಷಗಾನದ ಮಾತನ್ನೇ ಎತ್ತುತ್ತೇನೆ. ಬಡಗುತಿಟ್ಟಿನಲ್ಲಿ ಕೇದಗೆ ಮುಂದಲೆ ಕಟ್ಟಿದ ವೇಷ ರಂಗಕ್ಕೆ ಬಂತೆಂದರೆ, ಅದು ಬಾಯಿ ತೆರೆಯುವ ಮೊದಲೇ, ಅಭಿಮನ್ಯುವಿನಂಥ ಎಳೆಯ ವೀರ ಬಂದನೆಂದು ಕೊನೆಯ ಸಾಲಿನ ಪ್ರೇಕ್ಷಕನಿಗೂ ಗೊತ್ತಾಗುತ್ತದೆ. ಹಾಗೆಂದು ಒಬ್ಬ ಕಲಾವಿದನ ಅಭಿಮನ್ಯು ಇನ್ನೊಬ್ಬನ ಅಭಿಮನ್ಯುವಿನ ನಕಲಾಗಿದೆಯೆ? ಗುರುತು ಹೇಳುವ ಕೆಲಸವನ್ನು ವೇಷವೇ ಮುಗಿಸಿಕೊಡುವುದರಿಂದ ನೋಡುವವನ ಗಮನವೆಲ್ಲ ಕುಣಿತಕ್ಕೂ ಅರ್ಥಗಾರಿಕೆಗೂ ಸಿಗುತ್ತದೆ. ಬೆಂಗಳೂರಿನ ಕ್ರಿಪ್ಟೋಸ್ ತಂಡವನ್ನು ನೋಡಿ. 1998ರಲ್ಲಿ ಹುಟ್ಟಿದ ಆ ತಂಡದ ಆಲ್ಬಂ ಮುಖಪುಟ ಕಂಡೊಡನೆ 1980ರ ದಶಕದ ಹೆವಿ ಮೆಟಲ್ ವಂಶದವರೆಂದು ಆ ಸಂಗೀತದ ಅಭಿಮಾನಿ ಹೇಳಬಲ್ಲ. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿದರು. ರೂಢಿ ಅವರ ದಾರಿಗೆ ಅಡ್ಡ ಬರಲಿಲ್ಲ.

ಸಂಗೀತ ಚೆನ್ನಾಗಿದ್ದರೆ ಸಾಕು, ಕೇಳಿದವರಿಗೆ ತಾನಾಗಿ ತಿಳಿಯುತ್ತದೆ ಎಂಬುದು ಎರಡನೆಯದು. ಕೇಳಿದರೆ ತಿಳಿಯುತ್ತದೆ, ನಿಜ. ಆದರೆ ಗುಂಡಿ ಒತ್ತುವುದಕ್ಕೆ ಮೊದಲು ಕೇಳುಗನಿಗೆ ಕಾಣುವುದು ಪುಟ ಮಾತ್ರ. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದವನ್ನು ಸಿ. ಅಶ್ವಥ್ ಹಾಡಿದ್ದಾರೆ, ರಘು ದೀಕ್ಷಿತ್ ಕೂಡ ಹಾಡಿದ್ದಾರೆ. ಸಾಹಿತ್ಯ ಒಂದೇ, ಒಂದು ಸುಗಮ ಸಂಗೀತ, ಇನ್ನೊಂದು ರಾಕ್. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದ ರಘು ಅವರ ಒಂದು ಚಿತ್ರ ಸಾಕು, ಯಾವ ಬಗೆಯ ಹಾಡು ಬರಲಿದೆ ಎಂದು ಹೇಳಲು. ನಮ್ಮ ಪುಟದಲ್ಲೂ ತಮಟೆ ಮುಂದೆ, ಗಿಟಾರ್ ಪಕ್ಕದಲ್ಲಿ ಇರುವ ಚಿತ್ರ ಹಾಕಿರುವುದು ಅದಕ್ಕೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರಕಾರದ ರೂಢಿ ಎಂದರೆ ಬಣ್ಣ, ಅಕ್ಷರದ ಮಾದರಿ ಮಾತ್ರ ಎಂದು ನಮ್ಮ ವಿರೋಧಿಗಳು ತಿಳಿದಿದ್ದಾರೆ. ಆ ಸಂಗೀತದ ಕೇಳುಗ ಮೊದಲು ಏನನ್ನು ಹುಡುಕುತ್ತಾನೆ ಎಂಬುದೇ ನಿಜವಾದ ರೂಢಿ. ಕರ್ನಾಟಕ ಸಂಗೀತದವರಿಗೆ ರಾಗ, ತಾಳ, ವಾಗ್ಗೇಯಕಾರರ ಹೆಸರು ಬೇಕು. ಮೆಟಲ್ ಅಭಿಮಾನಿಗೆ ಆಲ್ಬಂಗಳ ಪಟ್ಟಿ, ವರ್ಷ, ಯಾರು ಯಾವ ವಾದ್ಯ ನುಡಿಸಿದರು ಎಂಬುದು ಬೇಕು. ಭಾವಗೀತೆಯ ಕೇಳುಗ ಕೇಳುವುದು, ‘ಯಾರ ಕವಿತೆ?’ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರು ಮೈಸೂರು ಅನಂತಸ್ವಾಮಿಯವರ ಹೆಸರಿನೊಡನೆ ಮನೆಮನೆಗೆ ಹೋಯಿತು. ಕವಿ, ಸಂಯೋಜಕ, ಗಾಯಕ ಈ ಮೂವರನ್ನೂ ಜೊತೆಯಾಗಿ ನೆನೆಯುವುದು ನಮ್ಮ ಸಂಪ್ರದಾಯ. ‘ಸ್ವಚ್ಛ ವಿನ್ಯಾಸ’ದ ಹೆಸರಿನಲ್ಲಿ ಕವಿಯ ಹೆಸರನ್ನು ಒಳಪುಟಕ್ಕೆ ತಳ್ಳಿ ಎಂದವರ ಮಾತನ್ನು ನಾನು ಒಪ್ಪಲಾರೆ. ಅದು ಮೊದಲ ಪುಟದಲ್ಲೇ, ಹಾಡಿನ ಹೆಸರಿನ ಕೆಳಗೇ ಇರುತ್ತದೆ.

ಹೊರನಾಡಿನ ತಂಡವಾದ್ದರಿಂದ ಪುಟವೆಲ್ಲ ಹಳದಿ-ಕೆಂಪು ಇರಲಿ ಎಂದು ಹಿರಿಯರು ಹೇಳುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಆ ಎರಡು ಬಣ್ಣ ಕೂಡಿದರೆ ನೋಡಿದವರಿಗೆ ಹೊಳೆಯುವುದು ರಾಜ್ಯೋತ್ಸವದ ಆಮಂತ್ರಣ. ಇದು ಯಾವುದೋ ಸಂಘದ ತಾಣ ಎಂದುಕೊಂಡು ಕೇಳುಗ ಮುಂದೆ ಹೋಗುತ್ತಾನೆ. ಕನ್ನಡತನ ಅಕ್ಷರದಲ್ಲಿ ಕಾಣಲಿ. ಸಾಹಿತ್ಯವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದು ಬೇಡ. ಚಿತ್ರವಾಗಿ ಅಂಟಿಸುವುದೂ ಬೇಡ, ಹುಡುಕಿದರೆ ಸಿಗುವುದಿಲ್ಲ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ, ಅದಕ್ಕಾಗಿ ಅಂತರ ಹೆಚ್ಚಿಸಿದ್ದೇನೆ. ಶೀರ್ಷಿಕೆಗೆ ಮೆಟಲ್ ತಂಡಗಳ ಮುಳ್ಳಿನ ಅಕ್ಷರ ಬೇಡವೆಂದದ್ದೂ ಇದೇ ಕಾರಣಕ್ಕೆ. ಕನ್ನಡದ ದುಂಡು ಅಕ್ಷರ ಅದಕ್ಕೆ ಒಗ್ಗುವುದಿಲ್ಲ, ನಮ್ಮದು ಆ ಸಂಗೀತವೂ ಅಲ್ಲ.

ಇನ್‌ಸ್ಟಾಗ್ರಾಂ ಇರುವಾಗ ವೆಬ್‌ಸೈಟ್ ಏಕೆ ಎಂಬವರಿಗೆ ಉತ್ತರ ಚಿಕ್ಕದು: ಅಲ್ಲಿ ಯಾವುದು ಮೊದಲು ಕಾಣಬೇಕೆಂದು ತೀರ್ಮಾನಿಸುವವರು ನಾವಲ್ಲ.

ಒಮಾನಿನ ಗುರುತಿಗೆ ಕೋಟೆ, ಒಂಟೆ, ಖಂಜರ್ ಚಿತ್ರ ಹಾಕಿ ಎಂಬುದು ಕೊನೆಯ ಸಲಹೆ. ಖಂಜರ್ ಈ ದೇಶದ ರಾಷ್ಟ್ರಲಾಂಛನದಲ್ಲಿದೆ. ಅದು ನಮ್ಮ ಹಾಡಿಗೆ ಅಲಂಕಾರದ ವಸ್ತುವಲ್ಲ. ಅದರ ಬದಲು ಅರಬ್ಬಿಯಲ್ಲಿ ಒಂದು ಪುಟ ಇರಲಿ. ಬಲದಿಂದ ಎಡಕ್ಕೆ ಓದುವ ಆ ಪುಟದಲ್ಲಿ ಪಟ್ಟಿ, ಚಿತ್ರ ಎಲ್ಲವೂ ಪಕ್ಕ ಬದಲಿಸಬೇಕು, ಹಾಡು ನುಡಿಸುವ ಗುಂಡಿ ಮಾತ್ರ ತಿರುಗಬಾರದು. ಒಮಾನಿನ ಸೂರ್ ಪಟ್ಟಣದ ಗಾಯಕ ಸಾಲಿಂ ರಾಶಿದ್ ಅಲ್ ಸೂರಿ ಮುಂಬಯಿಗೆ ಹೋಗಿ ಹಾಡಿ, ಅಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿದ್ದರು. ಸಮುದ್ರದ ಆ ದಡದ ಹಾಡನ್ನು ಈ ದಡದವರು, ಈ ದಡದ್ದನ್ನು ಆ ದಡದವರು ಕೇಳುವುದು ಹೊಸದಲ್ಲ. ಶರೀಫರ ಪದಗಳ ಭಾವಾರ್ಥವನ್ನು ಅರಬ್ಬಿಯಲ್ಲಿ ಬರೆದುಕೊಡುವವರು ನಮಗೆ ಬೇಕಾಗಿದ್ದಾರೆ. ಆಕ್ಷೇಪ ಎತ್ತಿದವರಲ್ಲಿ ಅರಬ್ಬಿ ಚೆನ್ನಾಗಿ ಬಲ್ಲವರಿದ್ದಾರೆ. ಮುಂದಿನ ಶುಕ್ರವಾರ ತಾಲೀಮಿಗೆ ಅವರು ದಯವಿಟ್ಟು ಬರಬೇಕು.